‘ಮೂಡಿಬಂತು’ ಸರಿ, ಮೂಡಿಸಿದ್ದು ಯಾರು?

ನಮಸ್ಕಾರ.

ನೀವು ಕಳಿಸಿದ ‘ತೆರೆಮರೆಯ ಮಾಂತ್ರಿಕರು’ ಲೇಖನ ಓದಿದೆ. ಎಂಬತ್ತರ ದಶಕದ ಇಂಗ್ಲಿಷ್ ಪಾಪ್ ಹಾಡುಗಳನ್ನು ಬರೆದವರು, ರೆಕಾರ್ಡ್ ಮಾಡಿಸಿದವರು, ಸ್ಟುಡಿಯೋದಲ್ಲಿ ಕೂತು ವಾದ್ಯ ನುಡಿಸಿದವರು, ಇವರ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಮ್ಮಿ. ವಿಷಯ ಚೆನ್ನಾಗಿದೆ. ಕಾಗುಣಿತ ತಪ್ಪಿಲ್ಲ. ಹೇಳಿದ ದಿನಕ್ಕೆ ಕಳಿಸಿದ್ದೀರಿ. ಹೊಗಳಿಕೆ ಇಷ್ಟೇ. ಯಾಕಂದರೆ ನಿನ್ನೆ ರಾತ್ರಿ ಈ ಲೇಖನ ನನ್ನ ತಲೆ ಕೆಡಿಸಿತು.

ಕೆಡಿಸಿದ್ದು ಒಂದು ಪದ. ‘ಮೂಡಿಬಂತು.’ ಎಣಿಸಿದೆ, ಹನ್ನೊಂದು ಸಲ ಇದೆ. ಅದಿಲ್ಲದ ಕಡೆ ‘ಹೊರಹೊಮ್ಮಿತು’. ಅದೂ ಇಲ್ಲದ ಕಡೆ ‘ರೂಪುಗೊಂಡಿತು’. ಸ್ವಲ್ಪ ಯೋಚನೆ ಮಾಡಿ. ಹೆಸರು ಕಾಣದವರ ಹೆಸರು ಹೇಳೋಣ ಅಂತ ಹೊರಟವರು ನೀವು. ನಿಮ್ಮ ವಾಕ್ಯಗಳಲ್ಲೇ ಮನುಷ್ಯರಿಲ್ಲ! ಹಾಡು ತಾನಾಗಿ ಮೂಡುತ್ತೆ, ಬೇಸ್ ಗಿಟಾರಿನ ಸದ್ದು ತಾನಾಗಿ ಹೊಮ್ಮುತ್ತೆ. ಮಳೆಗೆ ಅಣಬೆ ಎದ್ದ ಹಾಗೆ.

ಎರಡನೇ ಪುಟದ ವಾಕ್ಯ ನೋಡೋಣ. ‘ಎಡ್ಡಿ ವ್ಯಾನ್ ಹೇಲನ್‌ನ ಮಾಂತ್ರಿಕ ಸ್ಪರ್ಶದಿಂದ ಮೈಕಲ್ ಜಾಕ್ಸನ್‌ನ ಬೀಟ್ ಇಟ್ ಅದ್ಭುತವಾಗಿ ಮೂಡಿಬಂತು.’

ಬೀಟ್ ಇಟ್ ಜಾಕ್ಸನ್‌ನ ಥ್ರಿಲ್ಲರ್ ಆಲ್ಬಮ್ಮಿನ ಹಾಡು. ಅದರಲ್ಲಿ ರಾಕ್ ಗಿಟಾರ್ ವಾದಕ ಎಡ್ಡಿ ನುಡಿಸಿದ್ದು ನಡುವಿನ ಸೋಲೋ, ಅಂದರೆ ಹಾಡಿಕೆ ನಿಂತು ಗಿಟಾರ್ ಮುಂದೆ ಬರುವ ಭಾಗ, ಸುಮಾರು ಅರ್ಧ ನಿಮಿಷದ್ದು. ದುಡ್ಡು ತೆಗೆದುಕೊಳ್ಳಲಿಲ್ಲ. ಇದು ಎಲ್ಲರಿಗೂ ಗೊತ್ತಿರೋ ಕಥೆ. ಆಮೇಲೆ ಆಗಿದ್ದನ್ನು ಗಿಟಾರ್ ವಾದಕ ಸ್ಟೀವ್ ಲುಕಥರ್ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾನೆ. ಸೋಲೋಗೆ ಬಿಟ್ಟ ಜಾಗ ಎಡ್ಡಿಗೆ ಸಪ್ಪೆ ಅನ್ನಿಸಿತು. ಅಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾಗುತ್ತಲೇ ಇರಲಿಲ್ಲ. ಹಾಡಿನ ಭಾಗಗಳನ್ನು ಅತ್ತ ಇತ್ತ ಮಾಡಿಸಿದ. ಆಗ ಕಂಪ್ಯೂಟರ್ ಇಲ್ಲ, ಎರಡಿಂಚು ಅಗಲದ ಟೇಪನ್ನೇ ಕತ್ತರಿಸಬೇಕು. ಕತ್ತರಿಸಿದರು. ಒಂದೇ ಹಾಡು ಎರಡು ಮೂರು ಟೇಪುಗಳಲ್ಲಿ ಹಂಚಿಹೋಗಿರುತ್ತಿದ್ದ ಕಾಲ ಅದು. ಎಲ್ಲ ಒಟ್ಟಿಗೆ ಓಡಬೇಕಾದರೆ ಟೇಪಿನ ಮೇಲೆ ಟೈಮ್ ಕೋಡ್, ಅಂದರೆ ಹೊತ್ತು ಎಣಿಸುವ ಗುರುತು, ಇರಬೇಕು. ಬ್ಲೇಡ್ ಬಿದ್ದ ಮೇಲೆ ಆ ಲೆಕ್ಕ ತಪ್ಪಿತು. ಒಂದು ಟೇಪು ಇನ್ನೊಂದಕ್ಕೆ ಕೂಡಲಿಲ್ಲ.

ಹಾಡಿಕೆ ಚೆನ್ನಾಗಿ ಬಂದಿದೆ, ಬಿಡೋ ಹಾಗಿಲ್ಲ. ಹಾಗಾಗಿ ಕೆಲಸ ತಲೆಕೆಳಗಾಯಿತು. ಸಾಮಾನ್ಯವಾಗಿ ಮೊದಲು ತಾಳ, ಆಮೇಲೆ ಹಾಡು. ಇಲ್ಲಿ ಮುಗಿದ ಹಾಡಿಗೆ ತಾಳ ಕೂರಿಸಬೇಕು. ಟೋಟೋ ಬ್ಯಾಂಡಿನ ಇಬ್ಬರು ಬಂದರು. ಟೇಪಿನಲ್ಲಿ ಉಳಿದಿದ್ದು ಜಾಕ್ಸನ್‌ನ ದನಿ, ಎಡ್ಡಿಯ ಸೋಲೋ, ಮತ್ತೆ ಎರಡನೇ ನಾಲ್ಕನೇ ಎಣಿಕೆಗೆ ಜಾಕ್ಸನ್ ಡ್ರಮ್ ಇಡುವ ಪೆಟ್ಟಿಗೆಯನ್ನು ಬಡಿದ ಸದ್ದು. ಅಷ್ಟನ್ನೇ ಹಿಡಿದುಕೊಂಡು ಜೆಫ್ ಪೊರ್ಕಾರೊ ಪೂರ್ತಿ ಹಾಡಿಗೆ ಡ್ರಮ್ಸ್ ಬಾರಿಸಿದ. ಅದರ ಮೇಲೆ ಲುಕಥರ್ ಗಿಟಾರ್ ನುಡಿಸಿದ, ಬೇಸನ್ನೂ ಅವನೇ ನುಡಿಸಿದ. ಮೊದಲು ಗಿಟಾರಿನ ಸದ್ದು ಹಿಗ್ಗಿಸುವ ದೊಡ್ಡ ಆಂಪ್‌ಗಳನ್ನಿಟ್ಟು ಗುಡುಗಿಸಿದ್ದನಂತೆ. ಆಲ್ಬಮ್ಮಿನ ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್ ಕೇಳಿ, ಇಷ್ಟು ಗಡಸಾದರೆ ಪಾಪ್ ರೇಡಿಯೋದವರು ಹಾಕಲ್ಲ, ತಗ್ಗಿಸು ಅಂದ. ಚಿಕ್ಕ ಆಂಪ್ ಇಟ್ಟು ಮತ್ತೆ ನುಡಿಸಿದ.

ಈಗ ಹೇಳಿ. ಇಷ್ಟೆಲ್ಲ ಆದದ್ದಕ್ಕೆ ‘ಮೂಡಿಬಂತು’ ಸಾಕಾ?

ಇದೇ ಪುಟದ ಕೊನೆಗೆ, ಅದೇ ಆಲ್ಬಮ್ಮಿನ ಇನ್ನೊಂದು ಹಾಡಿನ ಬಗ್ಗೆ, ‘ಬಿಲ್ಲಿ ಜೀನ್‌ನ ಮಾಯಾಜಾಲದಂಥ ತಾಳ ಹೊರಹೊಮ್ಮಿತು’. ಮಾಯೆ ಏನೂ ಇಲ್ಲ ಸ್ವಾಮಿ, ಪ್ಲೈವುಡ್ ಇದೆ. ರೆಕಾರ್ಡಿಂಗ್ ಎಂಜಿನಿಯರ್ ಬ್ರೂಸ್ ಸ್ವಿಡೀನ್ ಡ್ರಮ್ಸ್‌ಗೆ ಅಂತಲೇ ಮರದ ಒಂದು ಜಗಲಿ ಮಾಡಿಸಿದ. ಬಾಸ್ ಡ್ರಮ್ಮಿಗೆ ಜಿಪ್ ಇರೋ ಗವಸು ಹೊಲಿಸಿದ. ಒಂದರ ಸದ್ದು ಇನ್ನೊಂದರ ಮೈಕಿಗೆ ನುಗ್ಗಬಾರದು ಅಂತ ಸ್ನೇರ್ ಅನ್ನೋ ಚಿಕ್ಕ ಡ್ರಮ್ಮಿಗೂ ಹೈ-ಹ್ಯಾಟ್ ಅನ್ನೋ ಜೋಡಿ ತಾಳದ ತಟ್ಟೆಗೂ ಮಧ್ಯೆ ಹಲಗೆ ಇಟ್ಟ. ಅದರ ಮುಂದೆ ಕೂತು ಬಾರಿಸಿದವನು ಎನ್‌ಡೂಗು ಚಾನ್ಸ್ಲರ್. ಬೇಸ್ ನುಡಿಸಿದವನು ಲೂಯಿಸ್ ಜಾನ್ಸನ್. ಸ್ವಿಡೀನ್ ಆ ಹಾಡನ್ನು 91 ಸಲ ಮಿಕ್ಸ್ ಮಾಡಿದ, ಅಂದರೆ ಬೇರೆ ಬೇರೆ ರೆಕಾರ್ಡ್ ಆದ ಸದ್ದುಗಳನ್ನು ಹದ ನೋಡಿ ಬೆರೆಸಿದ. ಕೊನೆಗೆ ಆರಿಸಿದ್ದು ಎರಡನೆಯದನ್ನು. ಮಿಕ್ಕ 90 ದಂಡ! ಈ ಒಂದು ವಾಕ್ಯಕ್ಕೆ ನಿಮ್ಮ ‘ಮಾಂತ್ರಿಕ’ಗಳನ್ನೆಲ್ಲ ಕೊಟ್ಟುಬಿಡುತ್ತೇನೆ.

ನನ್ನ ಸಿಟ್ಟು ಯಾಕೆ ಇಷ್ಟು ಅಂದರೆ, ಈ ತಪ್ಪು ನಂದೂ ಹೌದು. 1988. ಬೆಂಗಳೂರಿನ ಒಂದು ವಾರಪತ್ರಿಕೆಗೆ ಸೇರಿ ನಾಲ್ಕು ತಿಂಗಳಾಗಿತ್ತು. ಒಂದು ಸುಗಮ ಸಂಗೀತ ಕಾರ್ಯಕ್ರಮದ ವರದಿಗೆ ಕಳಿಸಿದರು. ಗಾಯಕರ ಬಗ್ಗೆ ಅರ್ಧ ಪುಟ ಬರೆದೆ. ಕೊನೆಗೆ ‘ತಬಲಾ ಸಾಥ್ ಸೊಗಸಾಗಿ ಮೂಡಿಬಂತು’ ಅಂತ ಸೇರಿಸಿದೆ. ಹೆಸರು ಕೇಳಿಕೊಳ್ಳೋದು ಮರೆತಿತ್ತು. ಮರೆತದ್ದನ್ನು ಮುಚ್ಚೋಕೆ ಆ ಪದದಷ್ಟು ಅನುಕೂಲ ಇನ್ನೊಂದಿಲ್ಲ. ಅಚ್ಚಾಯಿತು. ಮೂರನೇ ದಿನ ಒಬ್ಬರು ಕಚೇರಿಗೆ ಬಂದರು. ಐವತ್ತರ ವಯಸ್ಸು, ಬಟ್ಟೆ ಚೀಲ, ಅದರೊಳಗೆ ಮಡಿಸಿದ ಪತ್ರಿಕೆ. ಜಗಳ ಆಡಲಿಲ್ಲ. ನನ್ನ ಮೇಜಿನ ಮೇಲೆ ಪುಟ ಬಿಡಿಸಿಟ್ಟು, ‘ಅವತ್ತು ನಾನಿದ್ದೆ ಸಾರ್’ ಅಂದರು. ಅಷ್ಟೇ.

ನಮ್ಮ ಹಿರಿಯ ಉಪಸಂಪಾದಕರು ಅವರನ್ನು ಕೂರಿಸಿ ಕಾಫಿ ತರಿಸಿದರು. ಅವರು ಹೋದ ಮೇಲೆ ನನ್ನ ವರದಿಯ ಆ ಸಾಲಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆದರು: ‘ತಬಲಾಕ್ಕೆ ಕೈ ಇರಲಿಲ್ವಾ?’ ಆ ಹಾಳೆ ಎಷ್ಟೋ ವರ್ಷ ನನ್ನ ಡ್ರಾಯರಿನಲ್ಲಿತ್ತು. ಬೈಗುಳ ಎಷ್ಟು ತಿಂದಿಲ್ಲ ಬಿಡಿ. ಆದರೆ ಆ ಬಟ್ಟೆ ಚೀಲ ಮಾತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇರಲಿ. ಇನ್ನೊಂದು ತಕರಾರು ಇದೆ, ‘ನಿರ್ಮಾಪಕ’. ಕ್ವಿನ್ಸಿ ಜೋನ್ಸ್‌ನನ್ನು ನೀವು ಉದ್ದಕ್ಕೂ ಹಾಗೇ ಕರೆದಿದ್ದೀರಿ. ನಿಘಂಟಿನಲ್ಲಿ ಹಾಗೇ ಇರಬಹುದು. ಆದರೆ ಕನ್ನಡ ಓದುಗರಿಗೆ ನಿರ್ಮಾಪಕ ಅಂದರೆ ಗಾಂಧಿನಗರದಲ್ಲಿ ಬಡ್ಡಿಗೆ ದುಡ್ಡು ತಂದು ಸಿನಿಮಾ ಮಾಡುವವರು. ಥ್ರಿಲ್ಲರ್‌ಗೆ ದುಡ್ಡು ಹಾಕಿದ್ದು ಎಪಿಕ್ ರೆಕಾರ್ಡ್ಸ್ ಕಂಪನಿ. ಕ್ವಿನ್ಸಿ ಮಾಡಿದ್ದು ನಮ್ಮ ಸಿನಿಮಾ ನಿರ್ದೇಶಕರ ಥರದ ಕೆಲಸ. ಯಾವ ಹಾಡು ಇರಬೇಕು, ಯಾವುದು ಹೋಗಬೇಕು, ಯಾರು ನುಡಿಸಬೇಕು, ಯಾವಾಗ ಸಾಕು ಅನ್ನಬೇಕು. ‘ಪ್ರೊಡ್ಯೂಸರ್’ ಅಂತಲೇ ಬರೆಯಿರಿ, ಒಂದು ವಾಕ್ಯದಲ್ಲಿ ಅವನ ಕೆಲಸ ಏನು ಅಂತ ಹೇಳಿ. ಇಲ್ಲದಿದ್ದರೆ ಓದುಗರು ಅವನ ಕೈಯಲ್ಲಿ ಚೆಕ್‌ಬುಕ್ ನೋಡುತ್ತಾರೆ.

ಮೊದಲ ಪುಟದಲ್ಲಿ ‘1982ರಲ್ಲಿ ಜಾಕ್ಸನ್‌ನ ಪ್ರತಿಭೆಯಿಂದ ಥ್ರಿಲ್ಲರ್‌ನ ಒಂಬತ್ತು ಹಾಡುಗಳು ರೂಪುಗೊಂಡವು’ ಅಂದಿದ್ದೀರಿ. ಒಂಬತ್ತರಲ್ಲಿ ಅವನು ಬರೆದದ್ದು ನಾಲ್ಕು. ಮೂರು ರಾಡ್ ಟೆಂಪರ್ಟನ್ ಬರೆದದ್ದು, ಥ್ರಿಲ್ಲರ್ ಅನ್ನೋ ಹಾಡೂ ಸೇರಿ. ಟೆಂಪರ್ಟನ್ ಇಂಗ್ಲೆಂಡಿನ ಕ್ಲೀಥಾರ್ಪ್ಸ್ ಅನ್ನೋ ಕಡಲ ಊರಿನವನು. ಹಾಡಿಗೆ ಬರುವ ಮೊದಲು ಪಕ್ಕದ ಗ್ರಿಮ್ಸ್‌ಬಿಯಲ್ಲಿ ಫ್ರೋಜನ್ ಆಹಾರದ ಕಂಪನಿಯ ಕಚೇರಿಯಲ್ಲಿ ಕೆಲಸಕ್ಕಿದ್ದ. ಆ ಹಾಡಿಗೆ ಮೊದಲು ಇಟ್ಟ ಹೆಸರು ಸ್ಟಾರ್‌ಲೈಟ್. ಕೊನೆಯಲ್ಲಿ ಹಾರರ್ ಸಿನಿಮಾಗಳ ನಟ ವಿನ್ಸೆಂಟ್ ಪ್ರೈಸ್ ಹೆದರಿಸೋ ದನಿಯಲ್ಲಿ ಓದುತ್ತಾನಲ್ಲ, ಆ ಸಾಲುಗಳಲ್ಲಿ ಬಹಳಷ್ಟನ್ನು ಟೆಂಪರ್ಟನ್ ಬರೆದದ್ದು ಸ್ಟುಡಿಯೋಗೆ ಹೋಗುವ ಟ್ಯಾಕ್ಸಿಯಲ್ಲಿ. ತಲುಪೋ ಹೊತ್ತಿಗೆ ಪ್ರೈಸ್ ಆಗಲೇ ಕಾರಿನಿಂದ ಇಳಿಯುತ್ತಿದ್ದ. ಟೆಂಪರ್ಟನ್ ಟ್ಯಾಕ್ಸಿಯನ್ನು ಹಿಂಬಾಗಿಲಿಗೆ ಬಿಡಿಸಿಕೊಂಡು ಒಳಗೆ ಓಡಿದ. ಇಂಥವನಿಗೆ ನೀವು ಕೊಟ್ಟಿದ್ದು ‘ಮುಂತಾದವರು’ ಅನ್ನೋ ಪದದಲ್ಲಿ ಒಂದು ಜಾಗ.

ಜಾರ್ಜ್ ಮೈಕಲ್, ಮಡೋನಾ, ಡ್ರಮ್ ಮಷಿನ್, ಆ ಭಾಗಗಳ ಬಗ್ಗೆ ಈಗ ಏನೂ ಹೇಳಲ್ಲ. ಅವನ್ನೆಲ್ಲ ಈ ಸಲ ಕೈಬಿಡಿ. ಒಂದೇ ಆಲ್ಬಮ್ ಸಾಕು. ಪ್ರತಿ ವಾಕ್ಯ ಮುಗಿದಾಗಲೂ ‘ಯಾರು?’ ಅಂತ ನಿಮ್ಮನ್ನೇ ಕೇಳಿಕೊಂಡು ತಿದ್ದಿ. ಹದಿನೈದು ದಿನ ತಗೊಳ್ಳಿ.

ಹಾಂ, ಒಂದು ಬಿಟ್ಟುಹೋಗಿತ್ತು. ‘ಪೊರ್ಕಾರೊ ಡ್ರಮ್ಸ್ ನುಡಿಸಿದ್ದಲ್ಲದೆ ಹ್ಯೂಮನ್ ನೇಚರ್ ಅನ್ನೂ ಬರೆದರು’ ಅಂದಿದ್ದೀರಿ. ಅವರು ಇಬ್ಬರು. ಡ್ರಮ್ಸ್ ಅಣ್ಣ ಜೆಫ್. ಹಾಡು ತಮ್ಮ ಸ್ಟೀವ್‌ನದು. ಸಾಹಿತ್ಯ ಬರೆದವನು ಜಾನ್ ಬೆಟಿಸ್. ಕ್ವಿನ್ಸಿಗೆ ಕಳಿಸಿದ್ದು ಟೋಟೋ ಬ್ಯಾಂಡಿನ ಡೇವಿಡ್ ಪೇಚ್‌ನ ಹಾಡುಗಳ ಕ್ಯಾಸೆಟ್. ಸ್ಟೀವ್‌ನ ಅರ್ಧಂಬರ್ಧ ಹಾಡು ಇದ್ದದ್ದು ಅದರ ಇನ್ನೊಂದು ಬದಿಯಲ್ಲಿ. ಒಂದು ಬದಿ ಮುಗಿದು ಅದು ಓಡಿದಾಗ ಕ್ವಿನ್ಸಿ ಕೇಳಿಸಿಕೊಂಡ. ಅಣ್ಣ ತಮ್ಮಂದಿರನ್ನು ಬಿಡಿಸಿ, ಆ ಕ್ಯಾಸೆಟ್‌ನ ಎರಡೂ ಬದಿ ಸೇರಿಸಿ ಕಳಿಸಿ.