ಬಿಸಿಲಿದ್ರೂ ಅಂಗಳಕ್ಕೆ ನೆರೆ ಬಂದಿದ್ದು ಹೇಗೆ?

ಪ್ರಶ್ನೆ: ಸಾರ್, ನಮ್ಮ ಮನೆ ಅಘನಾಶಿನಿ ಹೊಳೆ ದಂಡೇಲಿ, ಹೊಳೆ ಸಮುದ್ರ ಸೇರೋ ಅಳಿವೆಗೆ ಹತ್ರ. ಹೋದ ಮಳೆಗಾಲದಲ್ಲಿ ಒಂದಿನ ಬೆಳಿಗ್ಗೆಯಿಂದ ಒಂದು ಹನಿ ಮಳೆ ಇಲ್ಲ, ಬಟ್ಟೆ ಒಣಗೋಷ್ಟು ಬಿಸಿಲು, ಆದ್ರೂ ಮಧ್ಯಾಹ್ನ ಅಂಗಳಕ್ಕೆ ನೀರು ಬಂತು. ಸಂಜೆ ಇಳೀತು, ಮಧ್ಯರಾತ್ರಿ ಮತ್ತೆ ಏರ್ತು. ಈ ಹೊಳೆಗೆ ಡ್ಯಾಮೂ ಇಲ್ವಲ್ಲ, ನೀರು ಬಿಟ್ಟೋರು ಯಾರು?
- ಒಬ್ಬ ಓದುಗರು, ಕುಮಟಾ ತಾಲೂಕು

ಉತ್ತರ: ಬಿಟ್ಟೋರು ಯಾರೂ ಇಲ್ಲ, ಹೋಗೋಕೆ ಬಿಡದೆ ಹಿಡ್ಕೊಂಡಿದ್ದು ಸಮುದ್ರ!

ನಿಮ್ಮಲ್ಲಿ ಬಿಸಿಲಿದ್ರೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಕಡೆನೂ ಬಿಸಿಲು ಅಂತೇನಿಲ್ಲ. ಅಲ್ಲಿ ರಾತ್ರಿಯಿಡೀ ಹೊಡೆದ ಮಳೆ ಘಟ್ಟ ಇಳಿಯೋಕೆ ಜಾಸ್ತಿ ಹೊತ್ತು ಬೇಡ, ಉಂಚಳ್ಳೀಲಿ 116 ಮೀಟರ್ ಒಂದೇ ಏಟಿಗೆ ಧುಮುಕೋ ಹೊಳೆ ಅದು, ಒಟ್ಟು ಉದ್ದನೂ ಹೆಚ್ಚುಕಮ್ಮಿ 120 ಕಿ.ಮೀ. ಅಷ್ಟೇ. ಆದ್ರೆ ಘಟ್ಟದ ಬುಡ ದಾಟಿದ ಮೇಲೆ ಇಳಿಜಾರೇ ಇಲ್ಲ, ಮುಂದಿನ ನೀರು ನಿಧಾನ ಆಗತ್ತೆ, ಹಿಂದಿನದು ದೂಡ್ತಾನೇ ಇರತ್ತೆ, ಕೊನೆಗೆ ಅಕ್ಕಪಕ್ಕದ ಗದ್ದೆಗೆ ನುಗ್ಗತ್ತೆ.

ಇನ್ನು ಅಳಿವೆ. ಅದರ ಆಕಾರ ನೀರಿನ ಕೊಡದ ಥರ ನೋಡಿ, ಒಳಗೆ ಗಜನಿ ಭೂಮಿ (ಉಪ್ಪು ನೀರು ನುಗ್ಗೋ ತಗ್ಗು ಗದ್ದೆ) ತುಂಬಾ ಅಗಲವಾದ ಹೊಟ್ಟೆ, ತದಡಿ ಮತ್ತೆ ಅಘನಾಶಿನಿ ಊರಿನ ಮಧ್ಯೆ ಇಕ್ಕಟ್ಟಾದ ಕುತ್ತಿಗೆ. ಭರತ, ಅಂದ್ರೆ ಸಮುದ್ರದ ಉಬ್ಬರ ಬಂದಾಗ ಆ ಕುತ್ತಿಗೇಲಿ ಸಮುದ್ರ ಒಳಗೆ ಒತ್ತತ್ತೆ, ಘಟ್ಟದ ನೀರಿಗೆ ಹೊರಗೆ ಹೋಗೋಕೆ ದಾರಿ ಸಿಗಲ್ಲ. ನಿಮ್ಮ ನೀರು ಏರಿದ್ದು ಮಧ್ಯಾಹ್ನ ಮತ್ತೆ ಮಧ್ಯರಾತ್ರಿ ಅಂದ್ರಲ್ಲ, ನಿಮ್ಮ ಕರಾವಳೀಲಿ ಆ ಹೊತ್ತಿಗೆ ಭರತ ಬರೋದು ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಲ್ಲಿ, ಆಗ ಭರತದ ಎತ್ತರನೂ ಜಾಸ್ತಿ. ಪಂಚಾಂಗ ತೆಗೆದು ಆ ದಿನದ ತಿಥಿ ನೋಡಿ, ನನಗಂತೂ ಅದೇ ಅನುಮಾನ.

ಇನ್ನೊಂದು, ಹೊಳೆ ಉಕ್ಕಿದಾಗಲೆಲ್ಲ ಮರಳು, ಮಣ್ಣನ್ನ ದಂಡೇಲೇ ಹೆಚ್ಚು ಬಿಟ್ಟು ಹೋಗತ್ತೆ, ಹಂಗಾಗಿ ಎಷ್ಟೋ ಕಡೆ ದಂಡೆಗಿಂತ ಅದರ ಹಿಂದಿನ ಗದ್ದೆನೇ ತಗ್ಗು. ಒಮ್ಮೆ ಒಳಗೆ ಬಂದ ನೀರು ಇಳಿತದಲ್ಲೂ ಪೂರ್ತಿ ಹೋಗಲ್ಲ. ಗಜನೀಲಿ ಕಗ್ಗ ಭತ್ತ ಬೆಳೀತಿದ್ದಿದ್ದು ಸುಮ್ನೆ ಅಲ್ಲ, ಆ ಭತ್ತ ಉಪ್ಪು ನೀರನ್ನೂ ತಾಳ್ಕೋತಿತ್ತು, ಮುಳುಗಡೇನೂ ತಾಳ್ಕೋತಿತ್ತು. ಅಂಥ ತಗ್ಗಲ್ಲಿ ಮಣ್ಣು ತುಂಬ್ಸಿ ಸೈಟ್ ಮಾಡಿದ್ರೆ ಅಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದವರ ಅಂಗಳ ಹುಡುಕ್ಕೊಂಡು ಹೋಗತ್ತೆ ಅಷ್ಟೇ.

ಮುಂದಿನ ಸಲ ನೀರು ಬಂದ್ರೆ ಅಂಗಳದ ತೆಂಗಿನಮರಕ್ಕೆ ಸುಣ್ಣದ ಗೆರೆ ಎಳೆದು ಟೈಮ್ ಬರೆದಿಡಿ. ದಿನಕ್ಕೆ ಸುಮಾರು 50 ನಿಮಿಷ ಲೇಟ್ ಆಗ್ತಾ ಹೋದ್ರೆ ಅದು ಭರತದ್ದೇ ಲೆಕ್ಕ. ಬರೆದು ಕಳ್ಸಿ, ನಂಗೂ ಕುತೂಹಲ ಇದೆ.