ಹಳೆಯ ಔಟ್‌ಬೋರ್ಡ್ ಮೋಟಾರು ನಡುನೀರಿನಲ್ಲಿ ಸೊರಗಿ ನಿಲ್ಲುವುದೇಕೆ?

ಬಾಗಲಕೋಟೆಯ ಹಿನ್ನೀರಿನಲ್ಲಿ ಮೀನುದೋಣಿಗೆ ಕಟ್ಟಿದ ನಿಮ್ಮ ಹಳೆಯ ಟೂ-ಸ್ಟ್ರೋಕ್ ಮೋಟಾರು ಹತ್ತು ನಿಮಿಷ ಓಡಿ, ಸೊರಗಿ ನಿಲ್ಲುತ್ತದೆ, ತುಸು ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ ಎಂದಿದ್ದೀರಿ. ಇಂಥ ಲಕ್ಷಣ ಕಂಡಾಗ ನಾನು ಮೊದಲು ಸಂಶಯಪಡುವುದು ಪೆಟ್ರೋಲು ಬರುವ ಹಾದಿಯನ್ನು. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತಿರುಪನ್ನು ಸಡಿಲಿಸಲು ಮರೆತಿದ್ದರೆ, ಪೆಟ್ರೋಲು ಇಳಿದಂತೆಲ್ಲ ಒಳಗೆ ನಿರ್ವಾತ ಉಂಟಾಗಿ ಹರಿವು ಕಟ್ಟಿಕೊಳ್ಳುತ್ತದೆ. ಇಷ್ಟು ಸಣ್ಣ ಕಾರಣಕ್ಕೆ ಕಾರ್ಬುರೇಟರ್ ಬಿಚ್ಚಿದವರೂ ಇದ್ದಾರೆ.

ಅದು ಸರಿಯಿದ್ದರೆ, ಮೋಟಾರು ಸೊರಗುತ್ತಿರುವಾಗಲೇ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಸುಕಿ ನೋಡಿರಿ. ಕೂಡಲೇ ಚೇತರಿಸಿಕೊಂಡರೆ ಮೋಟಾರಿಗೆ ಪೆಟ್ರೋಲು ಎಳೆಯುವ ಪಂಪಿನ ಡಯಾಫ್ರಾಂ (ತೆಳು ಪೊರೆ) ಹರಿದಿರಬಹುದು ಅಥವಾ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿರಬಹುದು. ಬಲ್ಬು ತಾನಾಗಿಯೇ ಚಪ್ಪಟೆಯಾಗಿದ್ದರೆ ಅಡಚಣೆ ಟ್ಯಾಂಕಿನ ಕಡೆಯೇ ಇದೆ. ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರುವುದರಿಂದ ಮತ್ತು ಹಳೆಯ ರಬ್ಬರನ್ನು ಕೆಡಿಸುವುದರಿಂದ, ಫಿಲ್ಟರಿನ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಸುರಿದು, ತಳದಲ್ಲಿ ನೀರು ನಿಲ್ಲುತ್ತದೆಯೇ ಎಂಬುದನ್ನೂ ಪರೀಕ್ಷಿಸಿರಿ.

ಬಲ್ಬು ಹಿಸುಕಿದರೂ ಪ್ರಯೋಜನವಾಗದಿದ್ದರೆ, ನಿಂತ ತಕ್ಷಣ ಪ್ಲಗ್ಗಿನ ಕಿಡಿ ನೋಡಬೇಕು: ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ಬಿಸಿಯಾದಾಗ ಮಾತ್ರ ಕೈಕೊಡುವಂಥದ್ದಾದರೆ, ತಣ್ಣಗಾದ ಮೇಲೆ ಸರಿಯಾಗಿಯೇ ಕಾಣುತ್ತದೆ. ಮೋಟಾರಿನ ಪಕ್ಕದಿಂದ ಚಿಮ್ಮುವ ತಂಪುನೀರಿನ ಧಾರೆ ತೆಳುವಾಗಿದ್ದರೆ ಮೋಟಾರು ಅತಿಯಾಗಿ ಕಾಯುತ್ತದೆ; ಆಗ ಓಡಿಸುತ್ತ ಪರೀಕ್ಷಿಸಬೇಡಿರಿ. ನೀರು ಒಳಬರುವ ಜಾಲರಿಗೆ ಹೂಳು, ಜಲಸಸ್ಯ ಸಿಕ್ಕಿರುತ್ತದೆ, ಇಲ್ಲವೇ ನೀರಿನ ಪಂಪಿನ ಇಂಪೆಲ್ಲರ್ (ನೀರನ್ನು ತಳ್ಳುವ ರೆಕ್ಕೆಚಕ್ರ) ಸವೆದಿರುತ್ತದೆ.