ಪೋಸ್ಟ್‌ಫಿಕ್ಸ್ ಲೆಕ್ಕದಲ್ಲಿ ಉತ್ತರ ಋಣಾತ್ಮಕವಾಗುವುದೇಕೆ?

ಮಾನ್ಯರೇ, ಶಿರಸಿಯ ಅಡಿಕೆ ವ್ಯಾಪಾರದ ತೂಕದ ಲೆಕ್ಕಕ್ಕೆಂದು ತಾವು ಬರೆದ ಪೈಥಾನ್ ಪ್ರೋಗ್ರಾಮಿಗೆ ಪೋಸ್ಟ್‌ಫಿಕ್ಸ್ ಕ್ರಮದಲ್ಲಿ (ಸಂಖ್ಯೆಗಳು ಮೊದಲು, ಅವುಗಳ ಚಿಹ್ನೆ ಆಮೇಲೆ) ‘40 2 - 6 *’ ಎಂದು ಕೊಟ್ಟರೆ, ಅಂದರೆ 40 ಕಿಲೋದಿಂದ ಚೀಲದ ತೂಕ 2 ಕಿಲೋ ಕಳೆದು 6 ಚೀಲಗಳಿಗೆ ಗುಣಿಸಿದರೆ, 228ರ ಬದಲು -228 ಬರುವುದೇಕೆ ಎಂದು ಕೇಳಿದ್ದೀರಿ.

ತಮ್ಮ ಸ್ಟ್ಯಾಕ್, ಅಂದರೆ ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿನದನ್ನೇ ಮೊದಲು ತೆಗೆಯುವ ಪಟ್ಟಿ, ಸರಿಯಾಗಿಯೇ ಇದೆ. ಸಂಖ್ಯೆಗಳನ್ನು ಹೊರತೆಗೆದ ಮೇಲಿನ ಕ್ರಮ ಮಾತ್ರ ತಪ್ಪಿದೆ. 40 ಮೊದಲು, 2 ಅದರ ಮೇಲೆ ಕುಳಿತಿರುವುದರಿಂದ ವ್ಯವಕಲನ ಚಿಹ್ನೆ ಎದುರಾದಾಗ ಮೊದಲ ಪಾಪ್‌ಗೆ (ಮೇಲಿನ ಸಂಖ್ಯೆಯನ್ನು ಹೊರತೆಗೆಯುವ ಕ್ರಿಯೆಗೆ) ಸಿಗುವುದು 2, ಎರಡನೆಯದಕ್ಕೆ 40. ತಾವು ಸಿಕ್ಕ ಕ್ರಮದಲ್ಲೇ ಕಳೆದಿದ್ದೀರಿ. ಹಾಗಾಗಿ -38 ಬಂದು, ಅದು 6ರಿಂದ ಗುಣಿತವಾಗಿದೆ. ಮೊದಲು ಸಿಕ್ಕಿದ್ದನ್ನು ಬಲಗಡೆಯ ಸಂಖ್ಯೆಯೆಂದೂ ಆಮೇಲೆ ಸಿಕ್ಕಿದ್ದನ್ನು ಎಡಗಡೆಯದೆಂದೂ ಎರಡು ಬೇರೆ ಹೆಸರುಗಳಲ್ಲಿ ಇಟ್ಟುಕೊಂಡು, ಎಡದಿಂದ ಬಲವನ್ನು ಕಳೆಯಿರಿ. ಭಾಗಾಕಾರಕ್ಕೂ ಇದೇ ನಿಯಮ. ಕೂಡಿಸುವಾಗ, ಗುಣಿಸುವಾಗ ಕ್ರಮ ಬದಲಾದರೂ ಉತ್ತರ ಬದಲಾಗದ ಕಾರಣ ಈ ದೋಷ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೂಡಿಸುವ ಉದಾಹರಣೆಗಳಿಂದಷ್ಟೇ ಪರೀಕ್ಷಿಸುವುದು ನನ್ನ ಮಟ್ಟಿಗೆ ಪರೀಕ್ಷೆಯೇ ಅಲ್ಲ.

ಇನ್ನೊಂದು ಮಾತು: ಚಿಹ್ನೆ ಬಂದಾಗ ಸ್ಟ್ಯಾಕಿನಲ್ಲಿ ಎರಡಕ್ಕಿಂತ ಕಡಿಮೆ ಸಂಖ್ಯೆಗಳಿದ್ದರೆ, ಅಥವಾ ಕೊನೆಯಲ್ಲಿ ಒಂದಕ್ಕಿಂತ ಹೆಚ್ಚು ಉಳಿದರೆ, ಕೊಟ್ಟ ಉಕ್ತಿಯೇ ತಪ್ಪು; ಆಗ ಉತ್ತರದ ಬದಲು ದೋಷಸೂಚನೆ ತೋರಿಸಿರಿ.